ಪೈಥಾನ್ ಪಾಠ ಅರ್ಥವಾಗುತ್ತದೆ, ಪ್ರೋಗ್ರಾಂ ಬರೆಯಲು ಮಾತ್ರ ಬರುತ್ತಿಲ್ಲ: ಏನು ಮಾಡಬೇಕು?

ಪ್ರಶ್ನೆ: ನಾನು ಬಿ.ಕಾಂ. ಓದಿ ನಮ್ಮೂರಿನ ಹಾಲು ಉತ್ಪಾದಕರ ಸಹಕಾರ ಸಂಘದಲ್ಲಿ ಲೆಕ್ಕ ಬರೆಯುವ ಕೆಲಸದಲ್ಲಿದ್ದೇನೆ. ಕೆಲವು ತಿಂಗಳಿಂದ ವಿಡಿಯೋ ನೋಡಿಕೊಂಡು ಪೈಥಾನ್ ಕಲಿಯುತ್ತಿದ್ದೇನೆ. ವೇರಿಯೇಬಲ್, ಇಫ್, ಲೂಪ್, ಫಂಕ್ಷನ್ ಎಲ್ಲವೂ ಕೇಳುವಾಗ ಅರ್ಥವಾಗುತ್ತವೆ. ಆದರೆ ಸದಸ್ಯರು ಹಾಕಿದ ಹಾಲಿನ ಲೆಕ್ಕಕ್ಕೆ ಸಣ್ಣದೊಂದು ಪ್ರೋಗ್ರಾಂ ಬರೆಯೋಣವೆಂದು ಕುಳಿತರೆ ಮೊದಲ ಸಾಲೇ ಹೊಳೆಯುವುದಿಲ್ಲ. ಕನ್ನಡ ಮಾಧ್ಯಮದಲ್ಲಿ ಓದಿದ್ದು ಇದಕ್ಕೆ ಕಾರಣವೇ? ಮೂಲ ಅಂಶಗಳನ್ನು ಯಾವ ಕ್ರಮದಲ್ಲಿ, ಹೇಗೆ ಕಲಿಯಬೇಕು?

ಉತ್ತರ: ಮಾಧ್ಯಮದ ಪ್ರಶ್ನೆಯನ್ನು ಮೊದಲು ಮುಗಿಸೋಣ. ಪೈಥಾನ್ ಭಾಷೆ ತನಗಾಗಿ ಕಾಯ್ದಿರಿಸಿಕೊಂಡಿರುವ ಪದಗಳು ಈಗಿನ ಆವೃತ್ತಿಗಳಲ್ಲಿ 35 ಮಾತ್ರ. ಅವುಗಳಲ್ಲಿ ಆರಂಭದ ಕೆಲಸಕ್ಕೆ ಬೇಕಾಗುವವು ಇಫ್, ಎಲಿಫ್, ಎಲ್ಸ್, ಫಾರ್, ಇನ್, ವೈಲ್, ಡೆಫ್, ರಿಟರ್ನ್, ಆ್ಯಂಡ್, ಆರ್, ನಾಟ್, ಇಂಪೋರ್ಟ್ ಮುಂತಾದ ಹದಿನೈದರಷ್ಟು. ಬಿ.ಕಾಂ. ಮುಗಿಸಿದವರಿಗೆ ಇಷ್ಟು ಇಂಗ್ಲಿಷ್ ಎಂದೂ ಅಡ್ಡಿಯಾಗದು. ಪಾಠ ಕೇಳುವಾಗ ಅರ್ಥವಾಗುತ್ತದೆ ಎಂದು ನೀವೇ ಬರೆದಿದ್ದೀರಿ. ಭಾಷೆ ತೊಡಕಾಗಿದ್ದರೆ ಅದೂ ಆಗುತ್ತಿರಲಿಲ್ಲ. ತೊಡಕು ಬೇರೆ ಕಡೆ ಇದೆ, ಮತ್ತು ಅದು ಇಂಗ್ಲಿಷ್ ಮಾಧ್ಯಮದಲ್ಲಿ ಓದಿದವರನ್ನೂ ಅಷ್ಟೇ ಕಾಡುತ್ತದೆ.

ನೀವು ಆರಿಸಿಕೊಂಡ ಭಾಷೆಯ ಬಗ್ಗೆ ಎರಡು ಮಾತು. ಗೀಡೊ ವಾನ್ ರೋಸಮ್ ಅವರು ಆಮ್‌ಸ್ಟರ್‌ಡ್ಯಾಮಿನ ಗಣಿತ ಮತ್ತು ಗಣಕ ಸಂಶೋಧನಾ ಕೇಂದ್ರದಲ್ಲಿದ್ದಾಗ 1989ರ ಕೊನೆಯಲ್ಲಿ ಪೈಥಾನ್ ಬರೆಯಲು ತೊಡಗಿದರು. 1991ರ ಫೆಬ್ರುವರಿಯಲ್ಲಿ ಅದು ಹೊರಬಂದಿತು. ಅದಕ್ಕೂ ಮೊದಲು ಅವರು ಅದೇ ಕೇಂದ್ರದಲ್ಲಿ ಎಬಿಸಿ ಎಂಬ ಭಾಷೆಯ ತಂಡದಲ್ಲಿದ್ದರು, ಮತ್ತು ಆ ಭಾಷೆ ಪ್ರೋಗ್ರಾಮಿಂಗ್ ಗೊತ್ತಿಲ್ಲದವರಿಗೂ ಕಲಿಯಲು ಸುಲಭವಾಗಬೇಕೆಂಬ ಉದ್ದೇಶದಿಂದ ರೂಪುಗೊಂಡಿತ್ತು. ಸಾಲುಗಳನ್ನು ಒಳಕ್ಕೆ ಸರಿಸಿ ಬರೆಯುವ ಮೂಲಕವೇ ಯಾವ ಸಾಲು ಯಾವುದರ ಅಧೀನ ಎಂದು ತೋರಿಸುವ ಪೈಥಾನಿನ ಪದ್ಧತಿ ಬಂದದ್ದು ಅಲ್ಲಿಂದ. ಆದ್ದರಿಂದ ಹೊಸಬರಿಗೆ ಇದು ಒಳ್ಳೆಯ ಆಯ್ಕೆಯೇ; ಬೇರೆ ಭಾಷೆಗೆ ಹಾರಿದರೆ ಸುಲಭವಾದೀತು ಎಂಬ ಯೋಚನೆಯನ್ನು ಮಾಡಬೇಡಿ.

ಇನ್ನು ಮೂಲ ಅಂಶಗಳು. ಇವು ಎಷ್ಟು ಕಡಿಮೆ ಎಂಬುದನ್ನು ತಿಳಿದರೆ ನಿಮಗೆ ಧೈರ್ಯ ಬರಬಹುದು. ಕೊರಾಡೊ ಬೋಮ್ ಮತ್ತು ಜುಸೆಪ್ಪೆ ಯಾಕೋಪಿನಿ ಎಂಬ ಇಬ್ಬರು ಇಟಲಿಯ ವಿದ್ವಾಂಸರು 1966ರಲ್ಲಿ ಪ್ರಕಟಿಸಿದ ಪ್ರಬಂಧವೊಂದರಿಂದ ಹೊರಟ ಫಲಿತಾಂಶದ ಪ್ರಕಾರ, ಒಂದಾದ ಮೇಲೊಂದು ಸಾಲನ್ನು ನಡೆಸುವುದು, ಷರತ್ತು ನೋಡಿ ದಾರಿ ಆರಿಸುವುದು, ಷರತ್ತು ಇರುವವರೆಗೆ ಮರಳಿ ಮರಳಿ ಮಾಡುವುದು, ಈ ಮೂರೇ ರಚನೆಗಳಿಂದ ಯಾವುದೇ ಲೆಕ್ಕವಿಧಾನವನ್ನು ಬರೆಯಬಹುದು. ಇವುಗಳ ಜೊತೆಗೆ ಬೆಲೆಗಳಿಗೆ (ಇಲ್ಲಿ ಬೆಲೆ ಎಂದರೆ ಹಣದ ದರವಲ್ಲ, ಪ್ರೋಗ್ರಾಂ ಬಳಸುವ ಸಂಖ್ಯೆ, ಪದ ಮುಂತಾದ ಮೌಲ್ಯ) ಇಡುವ ಹೆಸರುಗಳು, ಹಲವು ಬೆಲೆಗಳನ್ನು ಒಟ್ಟಿಗೆ ಇಡುವ ಲಿಸ್ಟ್ ಮತ್ತು ಡಿಕ್ಷನರಿ, ಕೆಲಸವೊಂದಕ್ಕೆ ಹೆಸರಿಟ್ಟು ಕರೆಯುವ ಫಂಕ್ಷನ್ ಸೇರಿದರೆ ನಿಮ್ಮ ಸಂಘದ ಲೆಕ್ಕಕ್ಕೆ ಬೇಕಾದದ್ದೆಲ್ಲ ಕೈಯಲ್ಲಿರುತ್ತದೆ. ನೀವು ಇವೆಲ್ಲವನ್ನೂ ಒಮ್ಮೆ ಕೇಳಿ ಮುಗಿಸಿದ್ದೀರಿ. ಆದರೂ ಬರೆಯಲಾಗುತ್ತಿಲ್ಲವೆಂದರೆ ನಡುವೆ ಒಂದು ಅಭ್ಯಾಸ ತಪ್ಪಿಹೋಗಿದೆ: ಪ್ರತಿಯೊಂದು ಸಾಲು ನಡೆದ ಮೇಲೆ ಯಾವ ಹೆಸರಿಗೆ ಯಾವ ಬೆಲೆ ಇದೆ ಎಂದು ಕಂಪ್ಯೂಟರಿನ ನೆರವಿಲ್ಲದೆ ಕಾಗದದ ಮೇಲೆ ಹೇಳಬಲ್ಲ ಅಭ್ಯಾಸ. ವಿಡಿಯೋದಲ್ಲಿ ಈ ಕೆಲಸವನ್ನು ಪಾಠ ಹೇಳುವವರೇ ಮಾಡಿ ಮುಗಿಸಿರುತ್ತಾರೆ, ನೋಡುವವರ ತಲೆಗೆ ಅದರ ಶ್ರಮ ತಾಗುವುದೇ ಇಲ್ಲ. ಕೆಳಗೆ ನಾನು ಹೇಳುವುದೆಲ್ಲ ಈ ಒಂದು ಅಭ್ಯಾಸವನ್ನು ಹೇಗೆ ಕಟ್ಟಿಕೊಳ್ಳುವುದು ಎಂಬುದರ ವಿವರ.

ಉದಾಹರಣೆಗಳಲ್ಲಿ ಹೆಸರುಗಳನ್ನು ಕನ್ನಡದಲ್ಲಿಯೇ ಬರೆದಿದ್ದೇನೆ. 2008ರ ಡಿಸೆಂಬರಿನಲ್ಲಿ ಬಂದ ಪೈಥಾನ್ 3ರಿಂದ ಈಚೆಗೆ ಇದು ಪೂರ್ತಿ ಸಿಂಧುವಾದ ಬರವಣಿಗೆ; ‘ಒಟ್ಟು = 0’ ಎಂದು ಕನ್ನಡದಲ್ಲಿ ಬೆರಳಚ್ಚು ಮಾಡಿದರೆ ಪೈಥಾನ್ ಅದನ್ನು ಹಾಗೆಯೇ ಒಪ್ಪುತ್ತದೆ. ಒಂದು ಎಚ್ಚರಿಕೆ ಮಾತ್ರ ಇರಲಿ. ಒತ್ತಕ್ಷರವಾಗದಂತೆ ತಡೆಯಲು ನಾವು ಕೀಲಿಮಣೆಯಲ್ಲಿ ಸೇರಿಸುವ ಕಣ್ಣಿಗೆ ಕಾಣದ ಚಿಹ್ನೆಯೊಂದಿದೆ. ಅದು ಹೆಸರಿನೊಳಗೆ ಸೇರಿಕೊಂಡರೆ ಪೈಥಾನ್ ವ್ಯಾಕರಣದೋಷವೆಂದು ನಿಲ್ಲಿಸಿಬಿಡುತ್ತದೆ, ನೋಡುವವರಿಗೆ ಮಾತ್ರ ಆ ಸಾಲಿನಲ್ಲಿ ಯಾವ ತಪ್ಪೂ ಕಾಣುವುದಿಲ್ಲ. ಕಲಿಕೆಯ ಹಂತದಲ್ಲಿ ಕನ್ನಡದ ಹೆಸರುಗಳು ಯೋಚನೆಯನ್ನು ಹಗುರ ಮಾಡುತ್ತವೆ ಎಂಬುದು ನನ್ನ ಅಭಿಪ್ರಾಯ. ಬೇರೆಯವರೊಂದಿಗೆ ಸೇರಿ ಕೆಲಸ ಮಾಡುವ ದಿನ ಬಂದಾಗ ಇಂಗ್ಲಿಷ್ ಹೆಸರುಗಳಿಗೆ ಬದಲಾದರೆ ಸಾಕು.

ಮೊದಲ ಮೆಟ್ಟಿಲು ಬೆಲೆಗಳ ಜಾತಿ. 45 ಪೂರ್ಣಾಂಕ, 4.5 ದಶಮಾಂಶ ಸಂಖ್ಯೆ, ಉದ್ಧರಣ ಚಿಹ್ನೆಯೊಳಗಿನ "4.5" ಸ್ಟ್ರಿಂಗ್, ಅಂದರೆ ಬರಿಯ ಅಕ್ಷರಗಳ ಸಾಲು. ಕಣ್ಣಿಗೆ ಕೊನೆಯ ಎರಡೂ ಒಂದೇ, ಪೈಥಾನಿಗೆ ಮಾತ್ರ ಸಂಬಂಧವೇ ಇಲ್ಲದ ಎರಡು ವಸ್ತುಗಳು. ಇನ್‌ಪುಟ್ ಎಂಬ ಫಂಕ್ಷನ್ ಬಳಕೆದಾರರು ಒತ್ತಿದ್ದನ್ನು ಯಾವಾಗಲೂ ಸ್ಟ್ರಿಂಗ್ ಆಗಿಯೇ ತಂದುಕೊಡುತ್ತದೆ. ಬೆಳಗಿನ ಹಾಲು 10 ಲೀಟರ್, ಸಂಜೆಯದು 20 ಲೀಟರ್ ಎಂದು ಹಾಗೆ ಓದಿಕೊಂಡು ಕೂಡಿಸಿದರೆ ಉತ್ತರ 30 ಆಗದೆ "1020" ಆಗುತ್ತದೆ, ಏಕೆಂದರೆ ಎರಡು ಸ್ಟ್ರಿಂಗುಗಳ ನಡುವಿನ ಕೂಡು ಚಿಹ್ನೆಗೆ ಜೋಡಿಸು ಎಂದರ್ಥ. ಇಲ್ಲಿ ಪೈಥಾನ್ ದೋಷಸೂಚನೆಯನ್ನೂ ಕೊಡುವುದಿಲ್ಲ. ಅದರ ದೃಷ್ಟಿಯಲ್ಲಿ ನೀವು ಕೇಳಿದ್ದನ್ನು ಅದು ಮಾಡಿದೆ. ಆದ್ದರಿಂದ ಓದಿಕೊಂಡ ಕೂಡಲೇ ಫ್ಲೋಟ್ ಎಂಬ ಫಂಕ್ಷನ್ನಿನಿಂದ ಅದನ್ನು ಸಂಖ್ಯೆಯಾಗಿ ಬದಲಾಯಿಸಬೇಕು. ನಿಮ್ಮ ಕಾಗದದ ಮೇಲೆ ಪ್ರತಿಯೊಂದು ಬೆಲೆಯ ಪಕ್ಕದಲ್ಲಿ ಅದರ ಜಾತಿಯನ್ನೂ ಬರೆಯಿರಿ.

ಎರಡನೆಯದು ಹೆಸರುಗಳು. ಹೆಚ್ಚಿನ ಪಾಠಗಳಲ್ಲಿ ವೇರಿಯೇಬಲ್ ಎಂದರೆ ಬೆಲೆಯನ್ನು ತುಂಬಿಡುವ ಡಬ್ಬಿ ಎಂದು ಹೇಳಿಕೊಡುತ್ತಾರೆ. ಪೈಥಾನಿನ ಮಟ್ಟಿಗೆ ಈ ಚಿತ್ರ ದಾರಿ ತಪ್ಪಿಸುತ್ತದೆ. ವಸ್ತುವಿಗೆ ಅಂಟಿಸಿದ ಚೀಟಿ ಎಂದುಕೊಳ್ಳುವುದು ಸರಿ. ‘ಒಟ್ಟು = ಒಟ್ಟು + ಲೀಟರ್’ ಎಂಬ ಸಾಲನ್ನು ಗಣಿತದ ಸಮೀಕರಣದಂತೆ ಓದಿದರೆ ಅದು ಅಸಂಬದ್ಧ. ಪೈಥಾನ್ ಅದನ್ನು ಬಲಗಡೆಯಿಂದ ಓದುತ್ತದೆ: ಒಟ್ಟು ಎಂಬ ಚೀಟಿ ಈಗ ಇರುವ ಬೆಲೆಯನ್ನೂ ಲೀಟರ್ ಎಂಬ ಚೀಟಿ ಇರುವ ಬೆಲೆಯನ್ನೂ ತೆಗೆದು ಕೂಡಿಸಿ ಹೊಸದೊಂದು ಬೆಲೆಯನ್ನು ಮಾಡುತ್ತದೆ, ಆಮೇಲೆ ಒಟ್ಟು ಎಂಬ ಚೀಟಿಯನ್ನು ಹಳೆಯದರಿಂದ ಕಿತ್ತು ಹೊಸದಕ್ಕೆ ಅಂಟಿಸುತ್ತದೆ. ಬಲಗಡೆಯ ಲೆಕ್ಕ ಪೂರ್ತಿಯಾಗುವವರೆಗೆ ಎಡಗಡೆಯ ಹೆಸರಿಗೆ ಏನೂ ಆಗುವುದಿಲ್ಲ. ಈ ಒಂದು ಸಾಲನ್ನು ಗಟ್ಟಿಯಾಗಿ ಓದಿ ವಿವರಿಸಲು ಬಂದರೆ ಲೂಪುಗಳ ಅರ್ಧ ಕಷ್ಟ ತೀರಿದ ಹಾಗೆ.

ಒಂದೇ ವಸ್ತುವಿಗೆ ಎರಡು ಚೀಟಿಗಳಿರಬಹುದು ಎಂಬುದನ್ನೂ ಇಲ್ಲಿಯೇ ನೋಡಿಬಿಡಿ. ‘ಬೆಳಗು = [4.5, 6.0]’ ಎಂದು ಲಿಸ್ಟ್ ಮಾಡಿ, ಮುಂದಿನ ಸಾಲಿನಲ್ಲಿ ‘ನಕಲು = ಬೆಳಗು’ ಎಂದು ಬರೆದರೆ ನಕಲೇನೂ ಆಗಿರುವುದಿಲ್ಲ, ಅದೇ ಲಿಸ್ಟಿಗೆ ಇನ್ನೊಂದು ಹೆಸರು ಬಂದಿರುತ್ತದೆ. ನಕಲು ಎಂಬುದರ ಮೂಲಕ ಅಪೆಂಡ್ ಮಾಡಿ 3.5 ಸೇರಿಸಿದರೆ ಬೆಳಗು ಎಂಬುದರಲ್ಲೂ ಮೂರು ಸಂಖ್ಯೆಗಳು ಕಾಣುತ್ತವೆ. ಸಂಖ್ಯೆ ಮತ್ತು ಸ್ಟ್ರಿಂಗುಗಳಲ್ಲಿ ಈ ಗೊಂದಲ ಏಳುವುದಿಲ್ಲ, ಏಕೆಂದರೆ ಅವುಗಳನ್ನು ಇದ್ದಲ್ಲಿಯೇ ಬದಲಾಯಿಸಲು ಬರುವುದಿಲ್ಲ. ಲಿಸ್ಟನ್ನೂ ಡಿಕ್ಷನರಿಯನ್ನೂ ಬದಲಾಯಿಸಬಹುದು, ಆದ್ದರಿಂದ ಎಚ್ಚರ ಬೇಕು. ನಿಜವಾದ ಪ್ರತಿ ಬೇಕೆಂದರೆ ಕಾಪಿ ಎಂಬ ಮೆಥಡ್, ಅಂದರೆ ವಸ್ತುವಿನ ಜೊತೆಗೇ ಬರುವ ಫಂಕ್ಷನ್, ಇದೆ.

ಷರತ್ತುಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಹೋಲಿಸುವಾಗ ಸಮ ಚಿಹ್ನೆ ಎರಡಿರಬೇಕು, ಹೆಸರಿಡುವಾಗ ಒಂದೇ. ಹಲವು ಷರತ್ತುಗಳನ್ನು ಎಲಿಫ್ ಬಳಸಿ ಜೋಡಿಸಿದಾಗ ಮೇಲಿನಿಂದ ನೋಡುತ್ತ ಮೊದಲು ನಿಜವಾದದ್ದನ್ನು ಮಾತ್ರ ಪೈಥಾನ್ ನಡೆಸುತ್ತದೆ. ಫ್ಯಾಟ್ (ಹಾಲಿನ ಕೊಬ್ಬಿನಂಶ) 3.5 ಅಥವಾ ಹೆಚ್ಚಿದ್ದರೆ ಒಂದು ದರ, 4.0 ಅಥವಾ ಹೆಚ್ಚಿದ್ದರೆ ಇನ್ನೊಂದು ದರ ಎಂದು ಇದೇ ಕ್ರಮದಲ್ಲಿ ಬರೆದರೆ, 4.2 ಫ್ಯಾಟಿನ ಹಾಲು ಮೊದಲ ಷರತ್ತಿನಲ್ಲಿಯೇ ಸಿಕ್ಕಿಕೊಂಡು ಮೇಲಿನ ದರ ಯಾರಿಗೂ ದಕ್ಕುವುದಿಲ್ಲ. ದೊಡ್ಡ ಸಂಖ್ಯೆಯ ಷರತ್ತು ಮೊದಲು ಬರಬೇಕು.

ಲೂಪಿನಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು, ಏಕೆಂದರೆ ಓದಲು ಬಂದರೂ ಬರೆಯಲು ಬಾರದವರೆಲ್ಲ ಹೆಚ್ಚಾಗಿ ನಿಲ್ಲುವುದು ಇಲ್ಲಿಯೇ. ಮೂರು ಸಂಖ್ಯೆಗಳ ಲಿಸ್ಟ್ ತೆಗೆದುಕೊಳ್ಳಿ: 4.5, 6.0, 3.5. ಒಟ್ಟು ಹಾಲು ಬೇಕು. ಲೂಪಿಗೆ ಮೊದಲು ‘ಒಟ್ಟು = 0’ ಎಂದು ಬರೆಯುತ್ತೀರಿ; ಫಾರ್ ಸಾಲಿನಲ್ಲಿ ಲೀಟರ್ ಎಂಬ ಹೆಸರು ಲಿಸ್ಟಿನ ಒಂದೊಂದೇ ಸಂಖ್ಯೆಗೆ ಸರದಿಯಂತೆ ಅಂಟುತ್ತ ಹೋಗುತ್ತದೆ; ಒಳಕ್ಕೆ ಸರಿಸಿದ ಸಾಲಿನಲ್ಲಿ ‘ಒಟ್ಟು = ಒಟ್ಟು + ಲೀಟರ್’ ಇರುತ್ತದೆ. ಈಗ ಕಾಗದದಲ್ಲಿ ಲೀಟರ್, ಒಟ್ಟು ಎಂದು ಎರಡು ಕಂಬ ಎಳೆಯಿರಿ. ಲೂಪಿಗೆ ಮೊದಲು ಒಟ್ಟು 0. ಮೊದಲ ಸುತ್ತಿನಲ್ಲಿ ಲೀಟರ್ 4.5, ಒಟ್ಟು 4.5. ಎರಡನೆಯದರಲ್ಲಿ ಲೀಟರ್ 6.0, ಒಟ್ಟು 10.5. ಮೂರನೆಯದರಲ್ಲಿ ಲೀಟರ್ 3.5, ಒಟ್ಟು 14.0. ಲಿಸ್ಟ್ ಮುಗಿಯಿತು, ಲೂಪ್ ನಿಂತಿತು.

ಈಗ ‘ಒಟ್ಟು = 0’ ಎಂಬ ಸಾಲನ್ನು ಬೇಕೆಂದೇ ಲೂಪಿನ ಒಳಕ್ಕೆ ಸರಿಸಿ ಮತ್ತೆ ಅದೇ ಕಂಬಗಳನ್ನು ತುಂಬಿರಿ. ಪ್ರತಿ ಸುತ್ತಿನ ಆರಂಭದಲ್ಲೂ ಒಟ್ಟು ಸೊನ್ನೆಗೆ ಮರಳುತ್ತದೆ. ಸುತ್ತಿನ ಕೊನೆಗೆ 4.5, ಆಮೇಲೆ 6.0, ಆಮೇಲೆ 3.5. ಉತ್ತರ 3.5, ಅಂದರೆ ಕೊನೆಯ ಸದಸ್ಯರ ಹಾಲು ಮಾತ್ರ. ಪ್ರಿಂಟ್ ಸಾಲನ್ನು ಲೂಪಿನ ಒಳಗಿಟ್ಟರೆ ಮೂರು ಸಲ ಅಚ್ಚಾಗುತ್ತದೆ, ಹೊರಗಿಟ್ಟರೆ ಒಂದೇ ಸಲ. ಲೂಪ್ ಬರೆಯುವಾಗ ನಾವು ತೀರ್ಮಾನಿಸುವುದು ಇಷ್ಟನ್ನೇ: ಯಾವ ಕೆಲಸ ಒಮ್ಮೆ ಮೊದಲು ಆಗಬೇಕು, ಯಾವುದು ಪ್ರತಿಯೊಬ್ಬರಿಗೂ ಆಗಬೇಕು, ಯಾವುದು ಕೊನೆಗೆ ಒಮ್ಮೆ ಆಗಬೇಕು. ಲೆಕ್ಕದ ಪುಸ್ತಕದಲ್ಲಿ ಈ ತೀರ್ಮಾನವನ್ನು ನೀವು ದಿನವೂ ಮಾಡುತ್ತಿದ್ದೀರಿ. ಈ ಕಂಬಗಳನ್ನು ಪರದೆಯ ಮೇಲೆ ನೋಡಬೇಕೆನಿಸಿದರೆ ಫಿಲಿಪ್ ಗುವೊ ಅವರು ರೂಪಿಸಿದ ಪೈಥಾನ್ ಟ್ಯೂಟರ್ ಎಂಬ ಉಚಿತ ಜಾಲತಾಣವಿದೆ. ಅದು ಪ್ರೋಗ್ರಾಮನ್ನು ಒಂದೊಂದೇ ಸಾಲು ನಡೆಸಿ ಹೆಸರುಗಳಿಂದ ಬೆಲೆಗಳಿಗೆ ಬಾಣ ಎಳೆದು ತೋರಿಸುತ್ತದೆ. ಆದರೆ ಮೊದಲು ಕಾಗದದಲ್ಲಿ ಊಹಿಸಿ ಬರೆದು, ಆಮೇಲೆ ಸರಿನೋಡಲು ಮಾತ್ರ ಅಲ್ಲಿಗೆ ಹೋಗಬೇಕು. ಎಐ ಸಹಾಯಕಗಳಿಂದ ಪ್ರೋಗ್ರಾಂ ಬರೆಸಿಕೊಳ್ಳುವುದಕ್ಕೂ ನನ್ನ ಸಲಹೆ ಇದೇ: ಕಾಗದದ ಮೇಲೆ ನಡೆಸಿ ನೋಡಲಾಗದ ಸಾಲನ್ನು ಸಂಘದ ಲೆಕ್ಕಕ್ಕೆ ಬಳಸಬೇಡಿ.

ಲೂಪಿಗೆ ಸಂಖ್ಯೆಗಳನ್ನು ಸಾಲಾಗಿ ಒದಗಿಸುವ ರೇಂಜ್ ಬಳಸುವಾಗ ಕೊನೆಯ ಸಂಖ್ಯೆ ಸೇರುವುದಿಲ್ಲ ಎಂಬುದನ್ನು ನೆನಪಿಡಿ; 1ರಿಂದ 10ರವರೆಗೆ ಎಂದು ಕೊಟ್ಟರೆ ಸಿಗುವುದು 9ರವರೆಗೆ. ಲಿಸ್ಟಿನ ಮೊದಲ ಸ್ಥಾನದ ಸಂಖ್ಯೆ ಸೊನ್ನೆ.

ಸಂಘದ ಲೆಕ್ಕದಲ್ಲಿ ಬರಿಯ ಒಟ್ಟು ಸಾಲದು, ಸದಸ್ಯವಾರು ಒಟ್ಟು ಬೇಕು. ಅದಕ್ಕೆ ಡಿಕ್ಷನರಿ. ಸದಸ್ಯ ಸಂಖ್ಯೆ ಕೊಟ್ಟರೆ ಆ ಸದಸ್ಯರ ಹಾಲು ಎಷ್ಟು ಎಂದು ಅದು ನೇರವಾಗಿ ಹೇಳುತ್ತದೆ. 12ನೇ ಸದಸ್ಯರು 4.5, 7ನೇ ಸದಸ್ಯರು 6.0, ಸಂಜೆ ಮತ್ತೆ 12ನೇ ಸದಸ್ಯರು 3.5 ಹಾಕಿದರು ಎಂದಿಟ್ಟುಕೊಳ್ಳಿ. ಖಾಲಿ ಡಿಕ್ಷನರಿಯಿಂದ ಹೊರಟರೆ ಮೊದಲ ಸುತ್ತಿನಲ್ಲಿಯೇ ಒಂದು ಅಡಚಣೆ ಎದುರಾಗುತ್ತದೆ: 12 ಎಂಬ ಕೀಲಿಯೇ (ಬೆಲೆಯನ್ನು ಹುಡುಕಲು ಕೊಡುವ ಗುರುತು) ಅದರಲ್ಲಿ ಇನ್ನೂ ಇಲ್ಲ, ಇಲ್ಲದ್ದಕ್ಕೆ ಕೂಡಿಸು ಎಂದರೆ ಕೀಎರರ್ ಬರುತ್ತದೆ. ಗೆಟ್ ಎಂಬ ಮೆಥಡ್ಡಿಗೆ ಕೀಲಿಯನ್ನೂ ಸೊನ್ನೆಯನ್ನೂ ಕೊಟ್ಟರೆ, ಇದ್ದರೆ ಇರುವ ಬೆಲೆ, ಇಲ್ಲದಿದ್ದರೆ ಸೊನ್ನೆ ಸಿಗುತ್ತದೆ. ಅದಕ್ಕೆ ಈಗಿನ ಲೀಟರ್ ಕೂಡಿಸಿ ಅದೇ ಕೀಲಿಗೆ ಮರಳಿ ಬರೆದರೆ ಮೂರು ಸುತ್ತಿನ ಕೊನೆಗೆ 12ಕ್ಕೆ 8.0, 7ಕ್ಕೆ 6.0. ನಿಮ್ಮ ಇಡೀ ತಿಂಗಳ ಲೆಕ್ಕ ನಡೆಯುವುದು ಈ ಒಂದೇ ಸಾಲಿನ ಮೇಲೆ. ಉಳಿದದ್ದೆಲ್ಲ ಅದರ ಸುತ್ತಲಿನ ಅಚ್ಚುಕಟ್ಟು.

ಹಣದ ವಿಷಯ ಬಂದಾಗ ಲೆಕ್ಕಿಗರಾದ ನಿಮಗೆ ಒಂದು ವಿಷಯವನ್ನು ಒತ್ತಿ ಹೇಳಬೇಕು. ಪೈಥಾನಿನಲ್ಲಿ 0.1 ಮತ್ತು 0.2 ಕೂಡಿಸಿದರೆ 0.30000000000000004 ಬರುತ್ತದೆ. ಕಂಪ್ಯೂಟರು ದಶಮಾಂಶಗಳನ್ನು ಎರಡರ ಆಧಾರದಲ್ಲಿ ಇಡುತ್ತದೆ. ಆ ಆಧಾರದಲ್ಲಿ ಹತ್ತನೇ ಒಂದು ಭಾಗ ಮುಗಿಯದ ಭಿನ್ನರಾಶಿ, ಎಲ್ಲಿಯಾದರೂ ಕತ್ತರಿಸಲೇಬೇಕು. ಹೆಚ್ಚಿನ ಭಾಷೆಗಳಲ್ಲಿ ಇದು ಹೀಗೆಯೇ. ರೌಂಡ್ ಎಂಬ ಫಂಕ್ಷನ್ ಕೂಡ ಸರಿ ಅರ್ಧಕ್ಕೆ ಬಂದು ನಿಂತ ಸಂಖ್ಯೆಯನ್ನು ಹತ್ತಿರದ ಸಮಸಂಖ್ಯೆಗೆ ಸರಿಸುತ್ತದೆ: 2.5 ಕೊಟ್ಟರೆ 2, 3.5 ಕೊಟ್ಟರೆ 4. ಶಾಲೆಯಲ್ಲಿ ಕಲಿತ ರೀತಿ ಇದಲ್ಲ. ಸದಸ್ಯರಿಗೆ ಬಟವಾಡೆ ಮಾಡುವ ಹಣಕ್ಕೆ ಪೈಥಾನಿನ ಜೊತೆಯಲ್ಲಿಯೇ ಬರುವ ಡೆಸಿಮಲ್ ಎಂಬ ಮಾಡ್ಯೂಲನ್ನು, ಅಂದರೆ ಇಂಪೋರ್ಟ್ ಮಾಡಿಕೊಳ್ಳುವ ಸಿದ್ಧ ಪ್ರೋಗ್ರಾಮನ್ನು, ಬಳಸಿ, ಪೈಸೆಗೆ ಹೇಗೆ ಸರಿಹೊಂದಿಸಬೇಕೆಂಬ ನಿಯಮವನ್ನು ನೀವೇ ಅದಕ್ಕೆ ತಿಳಿಸಿ. ಆರಂಭದಲ್ಲಿ ಇದನ್ನು ಮುಂದೂಡಬಹುದು, ಆದರೆ ಪ್ರೋಗ್ರಾಮಿನ ಲೆಕ್ಕವನ್ನು ನಂಬಿ ರಸೀದಿ ಬರೆಯುವ ಮುನ್ನ ಕಲಿತಿರಲೇಬೇಕು.

ಫಂಕ್ಷನ್ನಿನಲ್ಲಿ ಎಡವುವುದು ಪ್ರಿಂಟ್ ಮತ್ತು ರಿಟರ್ನ್‌ಗಳ ವ್ಯತ್ಯಾಸದಲ್ಲಿ. ಪ್ರಿಂಟ್ ಬೆಲೆಯನ್ನು ಪರದೆಯ ಮೇಲೆ ಮನುಷ್ಯರಿಗೆ ತೋರಿಸುತ್ತದೆ, ಅಷ್ಟೇ. ರಿಟರ್ನ್ ಬೆಲೆಯನ್ನು ಕರೆದ ಜಾಗಕ್ಕೆ ಒಪ್ಪಿಸುತ್ತದೆ. ಲೀಟರ್ ಮತ್ತು ದರವನ್ನು ಗುಣಿಸಿ ಉತ್ತರವನ್ನು ಪ್ರಿಂಟ್ ಮಾತ್ರ ಮಾಡುವ ಫಂಕ್ಷನ್ ಬರೆದರೆ ಪರದೆಯಲ್ಲಿ ಸರಿಯಾದ ಮೊತ್ತ ಕಾಣುವುದರಿಂದ ಎಲ್ಲ ಸರಿಯಿದೆ ಎನಿಸುತ್ತದೆ. ಅದರ ಫಲವನ್ನು ಒಟ್ಟಿಗೆ ಕೂಡಿಸಲು ಹೋದಾಗ ಟೈಪ್‌ಎರರ್ ಬಂದು, ಸಂಖ್ಯೆಗೂ ನನ್‌ಟೈಪ್ ಎಂಬುದಕ್ಕೂ ಕೂಡಿಸುವುದು ಸಾಧ್ಯವಿಲ್ಲ ಎನ್ನುತ್ತದೆ. ರಿಟರ್ನ್ ಇಲ್ಲದ ಫಂಕ್ಷನ್ ಮರಳಿಸುವುದು ನನ್ ಎಂಬ ಬೆಲೆಯನ್ನು, ಅಂದರೆ ಏನೂ ಇಲ್ಲ ಎಂಬುದರ ಗುರುತನ್ನು. ಲೆಕ್ಕ ಮಾಡುವ ಫಂಕ್ಷನ್ನುಗಳಲ್ಲಿ ಪ್ರಿಂಟ್ ಬೇಡವೇ ಬೇಡ ಎಂಬ ನಿಯಮವನ್ನು ನೀವೇ ಹಾಕಿಕೊಳ್ಳಿ. ಇನ್ನೊಂದು ಸಂಗತಿ: ಫಂಕ್ಷನ್ನಿನ ಒಳಗೆ ಇಟ್ಟ ಹೆಸರುಗಳು ಅದು ಮುಗಿದ ಕೂಡಲೇ ಇಲ್ಲವಾಗುತ್ತವೆ. ಆದ್ದರಿಂದ ಕಾಗದದಲ್ಲಿ ಪ್ರತಿ ಕರೆಗೂ ಬೇರೆ ಚೌಕ ಎಳೆದು, ಅದರ ಹೆಸರುಗಳನ್ನು ಅದರೊಳಗೇ ಬರೆದು, ಮರಳಿದ ಮೇಲೆ ಆ ಚೌಕವನ್ನು ಹೊಡೆದುಹಾಕಿ.

ದೋಷಸೂಚನೆಗಳನ್ನು ಕಂಡು ಅಂಜಬೇಡಿ, ಆದರೆ ಕೆಳಗಿನಿಂದ ಓದಿ. ಕೊನೆಯ ಸಾಲಿನಲ್ಲಿ ದೋಷದ ಹೆಸರು ಮತ್ತು ಕಾರಣ, ಅದರ ಮೇಲೆ ಎಷ್ಟನೆಯ ಸಾಲಿನಲ್ಲಿ ನಿಂತಿತು ಎಂಬುದು ಇರುತ್ತದೆ. ನೇಮ್‌ಎರರ್ ಎಂದರೆ ಆ ಹೆಸರು ಇನ್ನೂ ಯಾವುದಕ್ಕೂ ಅಂಟಿಲ್ಲ, ಬಹುಪಾಲು ಕಾಗುಣಿತದ ತಪ್ಪು. ಟೈಪ್‌ಎರರ್ ಎಂದರೆ ಜಾತಿ ಹೊಂದುತ್ತಿಲ್ಲ. ವ್ಯಾಲ್ಯೂಎರರ್ ಎಂದರೆ ಜಾತಿ ಸರಿ, ಬೆಲೆ ಹೊಂದುತ್ತಿಲ್ಲ, "4.5" ಎಂಬ ಸ್ಟ್ರಿಂಗನ್ನು ನೇರವಾಗಿ ಪೂರ್ಣಾಂಕ ಮಾಡಲು ಹೋದರೆ ಬರುವುದು ಇದು. ವ್ಯಾಕರಣದೋಷ ತೋರಿಸಿದ ಸಾಲು ಸರಿಯಾಗಿಯೇ ಇದ್ದರೆ ಅದರ ಹಿಂದಿನ ಸಾಲಿನಲ್ಲಿ ಮುಚ್ಚದೆ ಬಿಟ್ಟ ಆವರಣ ಚಿಹ್ನೆಯನ್ನು ಹುಡುಕಿ. 2021ರಲ್ಲಿ ಬಂದ 3.10ರಿಂದ ಈ ಸೂಚನೆಗಳು ಬಹಳ ಸುಧಾರಿಸಿವೆ. ತಪ್ಪಿದ ಹೆಸರಿಗೆ ಹತ್ತಿರದ ಸರಿಯಾದ ಹೆಸರನ್ನೂ ಸೂಚಿಸುತ್ತವೆ. ಹಳೆಯ ಆವೃತ್ತಿ ಇದ್ದರೆ ಬದಲಾಯಿಸಿಕೊಳ್ಳಿ.

ಸದಸ್ಯರ ಹೆಸರುಗಳು ಕನ್ನಡದಲ್ಲಿರುವುದರಿಂದ ಇದೊಂದು ಮಾತು ಬೇಕು. ಲೆನ್ ಎಂಬ ಫಂಕ್ಷನ್ನಿಗೆ "ಕನ್ನಡ" ಎಂಬ ಪದವನ್ನು ಕೊಟ್ಟರೆ ಉತ್ತರ 5. ಕಣ್ಣಿಗೆ ಮೂರು ಅಕ್ಷರ, ಪೈಥಾನ್ ಎಣಿಸುವುದು ಯುನಿಕೋಡ್ ಸಂಕೇತಗಳನ್ನು, ಅಂದರೆ ಕಂಪ್ಯೂಟರಿನಲ್ಲಿ ಲಿಪಿಯ ಒಂದೊಂದು ಚಿಹ್ನೆಗೂ ಇರುವ ಸಂಕೇತಗಳನ್ನು: ಕ, ನ, ಅರ್ಧಾಕ್ಷರ ಮಾಡುವ ಹಲಂತ ಚಿಹ್ನೆ, ನ, ಡ. ಮೊದಲ ಮೂರನ್ನು ಕತ್ತರಿಸಿ ತೆಗೆದರೆ "ಕನ್" ಸಿಗುತ್ತದೆ. ರಸೀದಿಯಲ್ಲಿ ಹೆಸರಿಗೆ ಇಂತಿಷ್ಟೇ ಅಕ್ಷರ ಎಂದು ಕತ್ತರಿಸುವ ಪ್ರೋಗ್ರಾಂ ಬರೆದರೆ ಹೆಸರುಗಳು ವಿಕಾರವಾಗುತ್ತವೆ. ಅಂಕಿಗಳ ವಿಷಯದಲ್ಲಿ ಸಮಾಧಾನವಿದೆ, "೪.೫" ಎಂಬ ಸ್ಟ್ರಿಂಗನ್ನು ಫ್ಲೋಟಿಗೆ ಕೊಟ್ಟರೆ ಸರಿಯಾಗಿ 4.5 ಆಗುತ್ತದೆ, ಆದರೆ ಪ್ರೋಗ್ರಾಮಿನೊಳಗೆ ಉದ್ಧರಣ ಚಿಹ್ನೆಯಿಲ್ಲದೆ ಕನ್ನಡ ಅಂಕಿ ಬರೆಯಲು ಬರುವುದಿಲ್ಲ.

ಕೊನೆಯದಾಗಿ, ಮೊದಲ ಸಾಲು ಹೊಳೆಯದಿರುವ ನಿಮ್ಮ ಕಷ್ಟಕ್ಕೆ. ಪರದೆಯ ಮುಂದೆ ಕುಳಿತು ಮೊದಲ ಸಾಲನ್ನು ಹುಡುಕಬೇಡಿ. ಕಾಗದದಲ್ಲಿ ಮೊದಲು ಬೇಕಾದ ಉತ್ತರವನ್ನು ಬರೆಯಿರಿ: 12ನೇ ಸದಸ್ಯರು, 8.0 ಲೀಟರ್. ಅದರ ಮೇಲೆ ಆ ಉತ್ತರ ಬರಲು ಬೇಕಾದ ಮೂರು ನಮೂದುಗಳನ್ನು ಬರೆಯಿರಿ. ನಡುವಿನ ಲೆಕ್ಕವನ್ನು ಕೈಯಿಂದ ಮಾಡುತ್ತ, ಬೆರಳು ಎಲ್ಲಿ ನಿಂತಿತು, ಯಾವ ಸಂಖ್ಯೆಯನ್ನು ನೆನಪಿಟ್ಟುಕೊಂಡಿರಿ ಎಂದು ಕನ್ನಡದಲ್ಲಿಯೇ ಒಂದೊಂದು ವಾಕ್ಯ ಬರೆದುಕೊಳ್ಳಿ. ನೆನಪಿಟ್ಟ ಸಂಖ್ಯೆಗಳು ಹೆಸರುಗಳಾಗುತ್ತವೆ, ಮತ್ತೆ ಮತ್ತೆ ಮಾಡಿದ್ದು ಲೂಪ್ ಆಗುತ್ತದೆ, ಹೀಗಿದ್ದರೆ ಎಂದದ್ದು ಇಫ್ ಆಗುತ್ತದೆ. ಪ್ರೋಗ್ರಾಮಿನಲ್ಲಿ ಆ ಮೂರು ನಮೂದುಗಳನ್ನು ಲಿಸ್ಟಾಗಿ ನೇರವಾಗಿ ಬರೆದಿಡಿ. ಇನ್‌ಪುಟ್ ಬೇಡ, ಫೈಲ್ ಬೇಡ, ಪರದೆಯ ಮೇಲೆ ಅಂದದ ಮೆನು ಬೇಡ. ಕೈಲೆಕ್ಕದ ಉತ್ತರವೂ ಪ್ರೋಗ್ರಾಮಿನದೂ ಕೂಡಿಬಂದ ಮೇಲೆ ಒಂದೊಂದನ್ನೇ ಸೇರಿಸಿ: ಮೊದಲು ದರ, ಆಮೇಲೆ ಫ್ಯಾಟಿನ ಷರತ್ತು, ಆಮೇಲೆ ಆ ಲೆಕ್ಕವನ್ನು ಫಂಕ್ಷನ್ನಿಗೆ ಸರಿಸುವುದು. ಪ್ರತಿ ಸಲ ಸೇರಿಸಿದ ಮೇಲೂ ಅದೇ ಮೂರು ನಮೂದುಗಳಲ್ಲಿ ಪರೀಕ್ಷಿಸಿ.

ಫೈಲ್ ಬರಬೇಕಾದದ್ದು ಎಲ್ಲಕ್ಕಿಂತ ಕೊನೆಗೆ. ಎಕ್ಸೆಲಿನಲ್ಲಿರುವ ತಿಂಗಳ ಪಟ್ಟಿಯನ್ನು, ಅಲ್ಪವಿರಾಮಗಳಿಂದ ಬೇರ್ಪಡಿಸಿದ ಸಾದಾ ಪಠ್ಯವಾಗಿ, ಸಿಎಸ್‌ವಿ ಯುಟಿಎಫ್-8 ಎಂಬ ಆಯ್ಕೆಯಲ್ಲಿಯೇ ಉಳಿಸಿ; ಬರಿಯ ಸಿಎಸ್‌ವಿ ಆಗಿ ಉಳಿಸಿದರೆ ಕನ್ನಡದ ಹೆಸರುಗಳು ಪ್ರಶ್ನಾರ್ಥಕ ಚಿಹ್ನೆಗಳಾಗಬಹುದು. ಪೈಥಾನಿನಲ್ಲಿ ತೆರೆಯುವಾಗ ಎನ್‌ಕೋಡಿಂಗ್ ಎಂಬ ಜಾಗದಲ್ಲಿ ಯುಟಿಎಫ್-8-ಸಿಗ್ ಎಂದು ಕೊಡಿ, ಏಕೆಂದರೆ ಎಕ್ಸೆಲ್ ಫೈಲಿನ ಆರಂಭದಲ್ಲಿ ಕಾಣದ ಗುರುತೊಂದನ್ನು ಸೇರಿಸಿರುತ್ತದೆ; ಅದನ್ನು ತೆಗೆಯದಿದ್ದರೆ ಮೊದಲ ಕಂಬದ ತಲೆಬರಹ ನೀವು ಬರೆದ ಹೆಸರಿಗೆ ಹೊಂದದೆ ಕೀಎರರ್ ಬರುತ್ತದೆ. ಫೈಲಿನಿಂದ ಓದಿದ ಪ್ರತಿಯೊಂದು ಸಂಖ್ಯೆಯೂ ಸ್ಟ್ರಿಂಗ್ ಆಗಿಯೇ ಬರುತ್ತದೆ, ಆದ್ದರಿಂದ ಕೂಡಿಸುವ ಮೊದಲು ಇಲ್ಲಿಯೂ ಅದನ್ನು ಸಂಖ್ಯೆಯಾಗಿ ಬದಲಾಯಿಸಿಕೊಳ್ಳಬೇಕು.